ತಿಕೋಟಾದ ದ್ರಾಕ್ಷಿ ಶೆಡ್ಡಿನಲ್ಲಿ ಬಟ್ಟಿ ಇಳಿಸಿದ್ದು

ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಒಣದ್ರಾಕ್ಷಿ ತೆಗೆಯುತ್ತಾನೆ. ಅಂಗೈ ಮೇಲೆ ಹರವಿ ಎರಡು ಸಲ ಅಲ್ಲಾಡಿಸಿ, "ಕಂದು ಜಾಸ್ತಿ ಅದರೀ" ಅನ್ನುತ್ತಾನೆ. ಅಲ್ಲಿಗೆ ಕಿಲೋ ಮೇಲಿನ ದರ ಇಳಿಯಿತು. ಎಷ್ಟು ಜಾಸ್ತಿ, ನೂರಕ್ಕೆ ಹತ್ತೋ ಇಪ್ಪತ್ತೋ? ನಮ್ಮ ಕಾಕಾನ ಹತ್ತಿರ ಉತ್ತರ ಇಲ್ಲ. ವ್ಯಾಪಾರಿಯ ಹತ್ತಿರವೂ ಇಲ್ಲ, ಆದರೆ ಹಿಡಿ ಅವನದು.

ಕಾಕಾನ ತೋಟ ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಥಾಮ್ಸನ್ ಸೀಡ್‌ಲೆಸ್ ಬಳ್ಳಿ. ಹಣ್ಣು ಕೊಯ್ದು, ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಜಾಳಿಗೆ ಮೇಲೆ ಹರವಿದರೆ ಎರಡು ಮೂರು ವಾರದಲ್ಲಿ ಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಒಣದ್ರಾಕ್ಷಿ ಆಗುತ್ತದೆ. ಬಿಸಿಲು, ಗಾಳಿ ನೆಟ್ಟಗಿದ್ದರೆ ಹಸಿರು ಅಥವಾ ಬಂಗಾರದ ಬಣ್ಣ. ನಡುವೆ ಒಂದು ಅಡ್ಡಮಳೆ ಬಿದ್ದರೆ ಒಣಗುವುದು ತಡವಾಗಿ ಕಾಳು ಕಂದುತ್ತದೆ. ಸಾಂಗಲಿ, ತಾಸಗಾಂವ ಪೇಟೆಯಲ್ಲಿ ಇದೇ ಮಾಲಿಗೆ ಬೇದಾಣಾ ಎಂದು ಹೆಸರು, ದರ ನಿಲ್ಲುವುದು ಬಹುಮಟ್ಟಿಗೆ ಬಣ್ಣದ ಮೇಲೆ.

ನನಗೆ ಬೇಕಾಗಿದ್ದು ಇಷ್ಟೇ: ಚೀಲದಿಂದ ಕಣ್ಣುಮುಚ್ಚಿ ನೂರು ಕಾಳು ತೆಗೆದು ತಟ್ಟೆಯಲ್ಲಿ ಇಟ್ಟರೆ, ಎಷ್ಟು ಹಸಿರು, ಎಷ್ಟು ಬಂಗಾರ, ಎಷ್ಟು ಕಂದು, ಎಷ್ಟು ಕಪ್ಪು, ಎಷ್ಟು ಕಡ್ಡಿ-ಕಸ ಎಂದು ಹೇಳುವ ಒಂದು ಡಬ್ಬಿ. ಶೆಡ್ಡಿನಲ್ಲಿ ಮೊಬೈಲ್ ನೆಟ್‌ವರ್ಕ್ ಬರುವುದು ನೀರಿನ ಟ್ಯಾಂಕಿನ ಮೇಲೆ ಹತ್ತಿದರೆ ಮಾತ್ರ. ಹಾಗಾಗಿ ಲೆಕ್ಕವೆಲ್ಲ ಡಬ್ಬಿಯೊಳಗೇ ಆಗಬೇಕು. ಅದಕ್ಕೆ, ಚಿತ್ರ ನೋಡಿ ಬಣ್ಣ ಹೇಳಲು ಕಲಿತ ಒಂದು ದೊಡ್ಡ ಪ್ರೋಗ್ರಾಮಿನ (ಇದಕ್ಕೆ ಮಾಡೆಲ್ ಎನ್ನುತ್ತಾರೆ) ಬುದ್ಧಿಯನ್ನು ಸಣ್ಣದೊಂದಕ್ಕೆ ಇಳಿಸಬೇಕಾಯಿತು. ನಾಲ್ಕು ತಿಂಗಳ ಸಂಜೆಗಳು ಇದಕ್ಕೆ ಹೋದವು. ಅದರಲ್ಲಿ ಹೆಚ್ಚಿನ ಪಾಲು ನುಂಗಿದ್ದು ನಾನೇ ಮಾಡಿಕೊಂಡ ತಪ್ಪುಗಳು.

ಡಬ್ಬಿ

ಪ್ಲೈವುಡ್ಡಿನ ಪೆಟ್ಟಿಗೆ, ಒಳಗೆ ಬಿಳಿ ಬಣ್ಣ, ಎರಡು ಬದಿಗೆ ಎಲ್‌ಇಡಿ ಪಟ್ಟಿ, ಅದರ ಮುಂದೆ ಬೆಳಕು ಚದುರಲೆಂದು ಟ್ರೇಸಿಂಗ್ ಪೇಪರ್. ತಟ್ಟೆ ಕೂಡ ಪ್ಲೈವುಡ್ಡೇ. 30 ಸೆಂಟಿಮೀಟರ್ ಚೌಕಕ್ಕೆ ಬಡಿಗೇರ ಮಾಮಾನಿಂದ ಹತ್ತು ಸಾಲು, ಸಾಲಿಗೆ ಹತ್ತು ಗುಣಿ ಕೊರೆಸಿ, ನೀಲಿ ಬಣ್ಣ ಹೊಡೆದೆ. ಯಾವ ದರ್ಜೆಯ ದ್ರಾಕ್ಷಿಯೂ ನೀಲಿ ಇರುವುದಿಲ್ಲವಲ್ಲ. ಗುಣಿ ಇರುವುದರಿಂದ ಕಾಳಿಗೆ ಕಾಳು ಅಂಟಿಕೊಳ್ಳುವ ತಕರಾರು ಇಲ್ಲ, ಯಾವ ಕಾಳು ಎಲ್ಲಿದೆ ಎಂದು ಹುಡುಕುವ ಕೆಲಸವೂ ಇಲ್ಲ.

ಕ್ಯಾಮೆರಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆಂದೇ ಮಾಡಿದ ಮಾಡ್ಯೂಲ್ 2, ತಟ್ಟೆಯಿಂದ ಸುಮಾರು 35 ಸೆಂಟಿಮೀಟರ್ ಮೇಲೆ. ಅಷ್ಟು ಹತ್ತಿರಕ್ಕೆ ಅದರ ಫೋಕಸ್ ಬರುವುದಿಲ್ಲ. ಲೆನ್ಸನ್ನು ಸಣ್ಣ ಪ್ಲಾಸ್ಟಿಕ್ ಚಾವಿಯಿಂದ ತಿರುಗಿಸಿ ಕೂರಿಸಬೇಕು. ಚಿತ್ರ 3280×2464 ಚುಕ್ಕೆ. ಲೆಕ್ಕ ಹಾಕಿದರೆ ಒಂದು ಸೆಂಟಿಮೀಟರಿಗೆ ಎಂಬತ್ತು ಚುಕ್ಕೆ, ಒಂದು ಕಾಳಿಗೆ ನೂರರ ಆಸುಪಾಸು. ಕಂಪ್ಯೂಟರ್ ಜಾಗದಲ್ಲಿ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ: ನಾಲ್ಕು ಕೋರ್, 1 ಗಿಗಾಹರ್ಟ್ಸ್, 512 ಎಂಬಿ ಮೆಮೊರಿ. ಝೀರೋದ ಕ್ಯಾಮೆರಾ ಕಿಂಡಿ ದೊಡ್ಡ ಪೈಗಿಂತ ಕಿರಿದು, ಕೇಬಲ್ ಬೇರೆ ಬೇಕು. ನಾನು ತರಿಸಿದ್ದು ಅಗಲದ್ದು. ಒಂದು ವಾರ ಅದರಲ್ಲೇ ಹೋಯಿತು.

ಇಲ್ಲೇ ಮೊದಲ ಪಾಠವೂ ಸಿಕ್ಕಿತು. ಶೆಡ್ಡಿನಲ್ಲಿ ಕಾಳು ಆರಿಸುವ ಹೆಂಗಸರಲ್ಲಿ ಹಿರಿಯಳು ಒಬ್ಬ ಆಯಿ. ಅವಳು ಸಂಜೆ ಲೈಟ್ ಹಾಕಿದ ಮೇಲೆ ಕೈ ಒರೆಸಿಕೊಂಡು ಎದ್ದುಬಿಡುತ್ತಾಳೆ. ಯಾಕೆ ಎಂದು ಕೇಳಿದೆ.

"ದೀಪದ ಬೆಳಕಿನ್ಯಾಗ ಎಲ್ಲಾ ಬಂಗಾರನ ಕಾಣತಾವೋ ತಮ್ಮಾ."

ನನ್ನ ಕ್ಯಾಮೆರಾಗೂ ಅದೇ ರೋಗ ಇತ್ತು. ತಟ್ಟೆಯಲ್ಲಿ ಕಂದು ಕಾಳು ಹೆಚ್ಚಿದ್ದರೆ ಆಟೋ ವೈಟ್ ಬ್ಯಾಲೆನ್ಸ್ ತಾನೇ ಬಣ್ಣ ತಿದ್ದಿ, ಕಂದನ್ನು ತಿಳಿ ಮಾಡಿಬಿಡುತ್ತಿತ್ತು. ಅಳೆಯಬೇಕಾದ ವಸ್ತುವನ್ನೇ ತಕ್ಕಡಿ ಸರಿಪಡಿಸಿದಂತೆ. ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಶರ್ ಎರಡನ್ನೂ ಆಟೋದಿಂದ ತೆಗೆದು, ಒಂದು ಬಿಳಿ ಕಾಗದ ಇಟ್ಟು ಕೆಂಪು-ನೀಲಿಯ ಮೌಲ್ಯ ಗೊತ್ತು ಮಾಡಿ, ಅಲ್ಲೇ ಕಟ್ಟಿಹಾಕಿದೆ. ಮೊದಲು ತೆಗೆದಿದ್ದ ಒಂಬತ್ತು ತಟ್ಟೆಯ ಚಿತ್ರ ಕಸಕ್ಕೆ ಹೋದವು.

ಆಯಿಯ ತೀರ್ಪು

ಒಟ್ಟು 62 ತಟ್ಟೆ, ಅಂದರೆ 6,200 ಕಾಳು. ಆಯಿ ಹೇಳುವುದು, ನಾನು ಲ್ಯಾಪ್‌ಟಾಪಿನಲ್ಲಿ ಒತ್ತುವುದು. ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆ, ಆದರೆ ಆಯಿ ಒಂದೇ ಪದದಲ್ಲಿ ಉತ್ತರ ಕೊಡುವವಳಲ್ಲ.

"ಇದು ಬಂಗಾರದ್ದ. ಆದ್ರ ಸ್ವಲ್ಪ ಕಂದಿನ ಕಡೆ ಹೊಂಟದ. ಹಸರಿನ ಸನೇಕೂ ಹೋಗೂದಿಲ್ಲ ನೋಡು."

ನನ್ನ ಪ್ರೋಗ್ರಾಮಿನಲ್ಲಿ ಇದ್ದದ್ದು ಐದು ಗುಂಡಿ. "ಆಯಿ, ಬಂಗಾರ ಒತ್ತಲೋ ಕಂದು ಒತ್ತಲೋ?" "ಬಂಗಾರ ಒತ್ತು." ಒತ್ತಿದೆ. ಅವಳು ಹೇಳಿದ ಮೂರು ವಾಕ್ಯದಲ್ಲಿ ಎರಡು ನೆಲಕ್ಕೆ ಬಿದ್ದವು. ಆಗ ಅದು ನನಗೆ ಹೊಳೆಯಲಿಲ್ಲ.

ಎರಡು ದಿನ ಬಿಟ್ಟು, ಹೇಳದೆ, ಅವಳು ನೋಡಿದ್ದ 300 ಕಾಳನ್ನೇ ಮತ್ತೆ ಮುಂದಿಟ್ಟೆ. 22 ಕಾಳಿನ ಹೆಸರು ಬದಲಾಯಿತು, ಹೆಚ್ಚಿನವು ಬಂಗಾರ-ಕಂದಿನ ಗಡಿಯಲ್ಲಿದ್ದವು. ಇದು ಆಯಿಯ ತಪ್ಪಲ್ಲ, ಆ ಕಾಳುಗಳೇ ಹಾಗೆ. ಯಾವ ಮಾಡೆಲ್ಲಾದರೂ ನೂರಕ್ಕೆ ನೂರು ತಂದರೆ ಅದನ್ನು ನಂಬಬಾರದು ಎಂದು ಡೈರಿಯಲ್ಲಿ ಬರೆದಿಟ್ಟುಕೊಂಡೆ.

ಪರೀಕ್ಷೆಗೆಂದು ಹತ್ತು ತಟ್ಟೆ, ಅಂದರೆ 1,000 ಕಾಳು, ಬೇರೆ ಇಟ್ಟೆ. ಮೊದಲು ಎಲ್ಲ ಕಾಳು ಕಲಸಿ ಅದರಿಂದ ಆರಿಸಿದ್ದೆ. ಅಂಕ ಬಹಳ ಚೆಂದ ಬಂತು, ಯಾಕೆಂದರೆ ಒಂದೇ ದಿನ ಒಣಗಿದ ಅಕ್ಕಪಕ್ಕದ ಕಾಳುಗಳು ಎರಡೂ ಕಡೆ ಇದ್ದವು. ಆಮೇಲೆ ಇಡೀ ಲಾಟನ್ನೇ ಬೇರೆ ತೆಗೆದೆ: ಕಲಿಕೆಯಲ್ಲಿ ಕಂಡ ಲಾಟ್ ಪರೀಕ್ಷೆಯಲ್ಲಿ ಬರಕೂಡದು. ಕೆಳಗಿನ ತಪ್ಪುಗಳ ಲೆಕ್ಕವೆಲ್ಲ ಈ ಸಾವಿರ ಕಾಳಿನದು, ಮೂರು ಸಲ ಓಡಿಸಿ ತೆಗೆದ ಸರಾಸರಿ. ಒಂದೇ ಸಲದ ಅಂಕೆ ನಾಲ್ಕೈದು ಕಾಳು ಆಚೆ ಈಚೆ ಆಡುತ್ತದೆ, ಅದನ್ನು ಹಿಡಿದು ಹಿಗ್ಗುವುದರಲ್ಲಿ ಅರ್ಥವಿಲ್ಲ.

ದೊಡ್ಡದು ಓಡುತ್ತದೆ, ಆದರೆ

ಇಮೇಜ್‌ನೆಟ್ ಎಂಬ ದೊಡ್ಡ ಚಿತ್ರಸಂಗ್ರಹದ ಮೇಲೆ ಮೊದಲೇ ಕಲಿತಿದ್ದ ರೆಸ್‌ನೆಟ್-50 ಎಂಬ ಮಾಡೆಲ್ ತೆಗೆದುಕೊಂಡು, ಕೊನೆಯ ಪದರವನ್ನು ಐದು ವರ್ಗಕ್ಕೆ ಬದಲಿಸಿ ಕಲಿಸಿದೆ. 41 ತಪ್ಪು. ಆಯಿಯೇ 300ಕ್ಕೆ 22 ಬದಲಿಸಿದ್ದು ನೆನೆದರೆ ಇದಕ್ಕಿಂತ ಹೆಚ್ಚು ಕೇಳುವುದು ದುರಾಸೆ.

ಆದರೆ ಇದರಲ್ಲಿ ಸುಮಾರು 2.35 ಕೋಟಿ ತೂಕಗಳಿವೆ, ಅಂದರೆ ಕಲಿಯುವಾಗ ತಿದ್ದಿಕೊಳ್ಳುವ ಅಂಕೆಗಳು. ಒಂದಕ್ಕೆ ನಾಲ್ಕು ಬೈಟ್ ಹಿಡಿದರೆ 94 ಎಂಬಿ. 224×224ರ ಒಂದು ಚಿತ್ರಕ್ಕೆ 400 ಕೋಟಿಗೂ ಹೆಚ್ಚು ಗುಣಾಕಾರ-ಸಂಕಲನ. ಪೈ ಝೀರೋದಲ್ಲಿ ಒಂದು ಕಾಳಿಗೆ ಎರಡು ಸೆಕೆಂಡ್ ಹತ್ತಿರ ಹಿಡಿಯಿತು. ಒಂದು ತಟ್ಟೆಗೆ ಮೂರು ನಿಮಿಷದ ಮೇಲೆ.

ಕಾಕಾ ಗಡಿಯಾರ ನೋಡುತ್ತ ನಿಂತಿದ್ದ. "ಅಷ್ಟೊತ್ತಿಗೆ ವ್ಯಾಪಾರಿ ಚಾ ಕುಡದು ಹೊಂಟ ಹೋಗಿರ್ತಾನ," ಅಂದ.

ಸಣ್ಣದಕ್ಕೆ ಇಳಿದೆ. ಮೊಬೈಲ್‌ನೆಟ್ ವಿ2, ಅಗಲ 0.35ಕ್ಕೆ ಇಳಿಸಿದ್ದು, ಚಿತ್ರ 96×96. ತೂಕಗಳು ಸುಮಾರು 4.2 ಲಕ್ಷ, ಒಂದು ಕಾಳಿಗೆ ಸುಮಾರು 1.1 ಕೋಟಿ ಗುಣಾಕಾರ. ಶೂನ್ಯದಿಂದ, ಆಯಿಯ ಹೆಸರುಗಳ ಮೇಲೆ ನೇರ ಕಲಿಸಿದೆ. 87 ತಪ್ಪು. ದೊಡ್ಡದಕ್ಕಿಂತ ಎರಡು ಪಟ್ಟು. ಹೆಚ್ಚಿನವು ಮತ್ತೆ ಬಂಗಾರ-ಕಂದಿನ ಗಡಿಯಲ್ಲೇ, ಅಂದರೆ ವ್ಯಾಪಾರಿ ದರ ಇಳಿಸುವ ಜಾಗದಲ್ಲೇ.

ಬಟ್ಟಿ

ಈ ಸಲ ನಾಲೆಡ್ಜ್ ಡಿಸ್ಟಿಲೇಶನ್, ಅಂದರೆ ಜ್ಞಾನದ ಬಟ್ಟಿ ಇಳಿಸುವುದು, ಮಾಡೋಣ ಅಂದುಕೊಂಡೆ. ದೊಡ್ಡ ಮಾಡೆಲ್ ಗುರು, ಸಣ್ಣದು ಶಿಷ್ಯ, ಗುರುವಿನ ಉತ್ತರ ನೋಡಿ ಶಿಷ್ಯ ಕಲಿಯುವುದು. ರಾತ್ರಿ ಊಟಕ್ಕೆ ಕೂತಾಗ ಕಾಕಾ, "ಈಗೇನ್ ನಡಸೀಯಪಾ ಶೆಡ್ನ್ಯಾಗ?" ಅಂದ. ಬಾಯಿ ಜಾರಿ "ಬಟ್ಟಿ ಇಳಸಾಕತ್ತೀನಿ ಕಾಕಾ" ಅಂದೆ. ಕಾಕುವಿನ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. ಒಣದ್ರಾಕ್ಷಿ ಶೆಡ್, ರಾತ್ರಿ ಹೊತ್ತು, ಬಟ್ಟಿ: ಮೂರೂ ಸೇರಿದರೆ ಯಾರಿಗಾದರೂ ಬೇರೆಯೇ ನೆನಪಾಗುತ್ತದೆ. ತಿಳಿಸಿ ಹೇಳಲು ಅರ್ಧ ಗಂಟೆ ಬೇಕಾಯಿತು.

ವಿಚಾರ ಹಳೆಯದು. 2006ರಲ್ಲಿ ಬುಚಿಲಾ, ಕಾರುವಾನಾ, ನಿಕುಲೆಸ್ಕು-ಮಿಝಿಲ್ ಎಂಬ ಮೂವರು, ಹಲವು ಮಾಡೆಲ್‌ಗಳ ದೊಡ್ಡ ಗುಂಪು ಕೊಡುವ ಉತ್ತರವನ್ನೇ ಪಾಠವಾಗಿ ಕೊಟ್ಟು ಒಂದು ಸಣ್ಣ ನರಜಾಲ ಕಲಿಸಬಹುದು ಎಂದು ತೋರಿಸಿದರು. 2015ರಲ್ಲಿ ಹಿಂಟನ್, ವಿನ್ಯಾಲ್ಸ್, ಡೀನ್ ಬರೆದ ಪ್ರಬಂಧದಿಂದ 'ಡಿಸ್ಟಿಲೇಶನ್' ಎಂಬ ಹೆಸರೂ, 'ತಾಪಮಾನ' ಎಂಬ ಯುಕ್ತಿಯೂ ಎಲ್ಲರ ಬಾಯಿಗೆ ಬಂದವು.

ಒಂದು ಕಾಳು ತೆಗೆದುಕೊಳ್ಳಿ. ಗುರು ಮಾಡೆಲ್ ಕೊನೆಯ ಪದರದಲ್ಲಿ ಕೊಡುವ ಕಚ್ಚಾ ಅಂಕಗಳು ಹೀಗಿವೆ ಅನ್ನೋಣ: ಬಂಗಾರ 9, ಕಂದು 5, ಹಸಿರು 3, ಕಪ್ಪು 1, ಕಡ್ಡಿ ಮೈನಸ್ 3. ಇದನ್ನು ಸಾಫ್ಟ್‌ಮ್ಯಾಕ್ಸಿನಲ್ಲಿ, ಅಂದರೆ ಅಂಕಗಳನ್ನು ಒಟ್ಟು ನೂರಾಗುವ ಪಾಲುಗಳಾಗಿ ಬದಲಿಸುವ ಸೂತ್ರದಲ್ಲಿ, ಹಾಯಿಸಿದರೆ ಬಂಗಾರಕ್ಕೆ ನೂರಕ್ಕೆ 97.9, ಕಂದಿಗೆ 1.8, ಹಸಿರಿಗೆ 0.2, ಉಳಿದವು ಲೆಕ್ಕಕ್ಕಿಲ್ಲ. ಇದು ನಾನು ಒತ್ತಿದ ಗುಂಡಿಯಂತೆಯೇ: ಬಂಗಾರ, ಮುಗಿಯಿತು. ಈಗ ಅಂಕಗಳನ್ನೆಲ್ಲ ಮೊದಲು 4ರಿಂದ ಭಾಗಿಸಿ ಆಮೇಲೆ ಸಾಫ್ಟ್‌ಮ್ಯಾಕ್ಸ್ ಮಾಡಿ. ಬಂಗಾರ 56.3, ಕಂದು 20.7, ಹಸಿರು 12.6, ಕಪ್ಪು 7.6, ಕಡ್ಡಿ 2.8. ಆ 4 ಅನ್ನುವುದೇ ತಾಪಮಾನ.

ಎರಡನೆಯ ಸಾಲನ್ನು ಪರದೆ ಮೇಲೆ ನೋಡಿದಾಗ ಆಯಿಯ ಮಾತು ನೆನಪಿಗೆ ಬಂತು. 'ಬಂಗಾರದ್ದ, ಆದ್ರ ಸ್ವಲ್ಪ ಕಂದಿನ ಕಡೆ ಹೊಂಟದ.' ಐದು ಗುಂಡಿಯಲ್ಲಿ ನಾನು ಕಳೆದದ್ದು ಇಲ್ಲಿ ಅಂಕೆಯಾಗಿ ಕೂತಿತ್ತು. ಗುರು ಕಂಡದ್ದು ನನ್ನ ಗುಂಡಿಗಳನ್ನು ಮಾತ್ರ. ಆದರೂ ಸಾವಿರಾರು ಕಾಳು ನೋಡಿ, ಯಾವುದು ಯಾವುದರ ನೆರೆಯದು ಎಂದು ತಾನಾಗಿ ಕಲಿತಿತ್ತು. ಶಿಷ್ಯನಿಗೆ ಕೊಡಬೇಕಾದದ್ದು ಈ ಮೆದು ಸಾಲನ್ನು.

ಹಾಗಾಗಿ ನಷ್ಟದ ಲೆಕ್ಕದಲ್ಲಿ, ಅಂದರೆ ಶಿಷ್ಯ ಎಷ್ಟು ತಪ್ಪಿದ ಎಂದು ಅಳೆಯುವ ಅಂಕೆಯಲ್ಲಿ, ಎರಡು ಪಾಲು. ಆಯಿಯ ಗುಂಡಿಗೆ 0.3, ಗುರುವಿನ ಮೆದು ಉತ್ತರಕ್ಕೆ 0.7. ಎರಡೂ ಮಾಡೆಲ್ಲಿನ ಅಂಕಗಳನ್ನು 4ರಿಂದ ಭಾಗಿಸಿ, ಒಂದರ ಹಂಚಿಕೆ ಇನ್ನೊಂದರಿಂದ ಎಷ್ಟು ದೂರ ಎಂದು ಕೆಎಲ್ ಡೈವರ್ಜೆನ್ಸಿನಿಂದ ಅಳೆಯುವುದು. ರಾತ್ರಿಯೆಲ್ಲ ಓಡಿಸಿದೆ. ಬೆಳಗ್ಗೆ ನೋಡಿದರೆ 88 ತಪ್ಪು.

ಬಟ್ಟಿ ಇಳಿಸದಿದ್ದಾಗ 87 ಇತ್ತು.

ಗುರುವಿನ ಮಾತು ಕೇಳಿಸಲೇ ಇಲ್ಲ

ತಾಪಮಾನ 2, 6, 10 ಮಾಡಿ ನೋಡಿದೆ. 0.7 ಇದ್ದದ್ದನ್ನು 0.9 ಮಾಡಿದೆ. 86, 88, 87. ಏನು ತಿರುವಿದರೂ ಉತ್ತರ ಅಲುಗದಿದ್ದರೆ ಆ ತಿರುಪಿಗೆ ತಂತಿಯೇ ಸೇರಿಲ್ಲ ಎಂದು ರೇಡಿಯೋ ರಿಪೇರಿ ಮಾಡುವವರಿಗೆ ಗೊತ್ತು. ನನಗೆ ಅದು ಹೊಳೆಯಲು ಐದು ದಿನ ಬೇಕಾಯಿತು.

ಎರಡು ತಪ್ಪು ಒಟ್ಟಿಗೆ ಇದ್ದವು. ಅಂಕಗಳನ್ನು ತಾಪಮಾನದಿಂದ ಭಾಗಿಸಿದಾಗ ಮೆದು ಪಾಲಿನಿಂದ ಹಿಂದಕ್ಕೆ ಬರುವ ಗ್ರೇಡಿಯೆಂಟ್, ಅಂದರೆ ತೂಕಗಳನ್ನು ಎತ್ತ, ಎಷ್ಟು ತಿದ್ದಬೇಕೆಂಬ ಸೂಚನೆ, ಸರಿಸುಮಾರು ತಾಪಮಾನದ ವರ್ಗದಷ್ಟು (ಅದನ್ನು ಅದರಿಂದಲೇ ಗುಣಿಸಿದಷ್ಟು) ಕುಗ್ಗುತ್ತದೆ. 4 ಇದ್ದರೆ 16 ಪಟ್ಟು. ಅದಕ್ಕೇ ಮೆದು ನಷ್ಟವನ್ನು ತಾಪಮಾನದ ವರ್ಗದಿಂದ ಗುಣಿಸಬೇಕು ಎಂದು 2015ರ ಪ್ರಬಂಧದಲ್ಲೇ ಇದೆ. ನಾನು ಓದಿದ್ದೆ, ಬರೆಯುವಾಗ ಬಿಟ್ಟಿದ್ದೆ.

ಎರಡನೆಯದು, ಮಾಡೆಲ್ ಕಲಿಸಲು ಬಳಸುವ ಪೈಟಾರ್ಚ್ ಎಂಬ ತಂತ್ರಾಂಶದ ಕೆಎಲ್ ಡೈವರ್ಜೆನ್ಸ್ ನಷ್ಟ. ಏನೂ ಹೇಳದಿದ್ದರೆ ಅದು ಸರಾಸರಿ ತೆಗೆಯುವಾಗ ಚಿತ್ರಗಳ ಸಂಖ್ಯೆಯಿಂದ ಮಾತ್ರವಲ್ಲ, ವರ್ಗಗಳ ಸಂಖ್ಯೆಯಿಂದಲೂ ಭಾಗಿಸುತ್ತದೆ. 'ಬ್ಯಾಚ್‌ಮೀನ್' ಎಂದು ಕೇಳಿದರೆ ಮಾತ್ರ ಗಣಿತದಲ್ಲಿರುವ ಬೆಲೆ ಬರುತ್ತದೆ. ಇದರ ಬಗ್ಗೆ ಎಚ್ಚರಿಕೆಯ ಸಾಲು ಅದರ ಕೈಪಿಡಿಯಲ್ಲೇ ಇದೆ. ನನ್ನ ವರ್ಗಗಳು ಐದು, ಹಾಗಾಗಿ ಇನ್ನೂ 5 ಪಟ್ಟು ಕಡಿಮೆ.

ಎರಡೂ ಸೇರಿ 80 ಪಟ್ಟು. 0.7 ಎಂದು ನಾನು ಬರೆದದ್ದು ನಿಜದಲ್ಲಿ 0.009ರ ಹತ್ತಿರ, ಎದುರಿಗೆ ಗುಂಡಿಯ ಪಾಲು 0.3. ಗುರುವನ್ನು ಕರೆಸಿ, ಮಣೆ ಹಾಕಿ ಕೂರಿಸಿ, ಶಿಷ್ಯನ ಕಿವಿಗೆ ಹತ್ತಿ ತುರುಕಿದ್ದೆ.

ಇನ್ನೊಂದು ಮಾತು, ಇದೇ ಜಾಗದಲ್ಲಿ ಎಡವುವವರು ಬಹಳ: ಆ ನಷ್ಟಕ್ಕೆ ಶಿಷ್ಯನ ಕಡೆಯಿಂದ ಕೊಡಬೇಕಾದದ್ದು ಸಂಭವನೀಯತೆಯ ಲಾಗ್, ಬರೀ ಸಂಭವನೀಯತೆಯಲ್ಲ. ಬರೀ ಸಂಭವನೀಯತೆ ಕೊಟ್ಟರೂ ಪ್ರೋಗ್ರಾಮ್ ದೂರು ಹೇಳದೆ ಓಡುತ್ತದೆ, ಉತ್ತರ ಮಾತ್ರ ಸುಳ್ಳು. ನಾನು ಅದನ್ನಾದರೂ ಸರಿ ಮಾಡಿದ್ದೆ.

ತಿದ್ದಿದ ಮೇಲೆ 79. ಈಗ ತಿರುಪು ತಿರುವಿದರೆ ಸೂಜಿ ಅಲುಗುತ್ತಿತ್ತು. ಆದರೂ ನಾನು ಕಂಡ ಕನಸಿಗೆ ಇದು ಸಾಲದು.

ಬುದ್ಧಿವಂತ ಗುರು, ಆದರೆ ಒರಟು

ಗುರುವಿನ ಉತ್ತರಗಳನ್ನೇ, ತಾಪಮಾನದಿಂದ ಭಾಗಿಸದೆ, ಕಣ್ಣಿಂದ ಓದಲು ಕೂತೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಬಂಗಾರದ ಕಾಳು ಒಂದಾದ ಮೇಲೊಂದು: 92, 2, 2, 2, 2. ಮತ್ತೆ 91, 3, 2, 2, 2. ಕಂದಿಗೂ ಅಷ್ಟೇ, ಕಡ್ಡಿಗೂ ಅಷ್ಟೇ! ಬಂಗಾರದ ಕಾಳು ಕಡ್ಡಿಯನ್ನು ಕಂದಿನಷ್ಟೇ ಹೋಲುತ್ತದೆಯೇ? ಆಯಿ ಕೇಳಿದ್ದರೆ ತಟ್ಟೆ ತೆಗೆದು ಬಿಸಾಕುತ್ತಿದ್ದಳು.

ಕಾರಣ ಗುರುವಿನ ಕಲಿಕೆಯ ಪ್ರೋಗ್ರಾಮಿನಲ್ಲಿ ಸಿಕ್ಕಿತು. ಹಳೆಯ ಕೆಲಸದಿಂದ ನಕಲು ಮಾಡಿದ ಅದರಲ್ಲಿ ಲೇಬಲ್ ಸ್ಮೂದಿಂಗ್ 0.1 ಎಂದು ಒಂದು ಸಾಲು ಉಳಿದುಬಿಟ್ಟಿತ್ತು. ಅಂದರೆ ಸರಿ ಉತ್ತರಕ್ಕೆ ನೂರಲ್ಲ, 92 ಕೊಡು. ಉಳಿದ 8ನ್ನು ಮಿಕ್ಕ ನಾಲ್ಕಕ್ಕೆ ಸಮನಾಗಿ ಎರಡೆರಡು ಹಂಚು. ಮಾಡೆಲ್ ಅತಿ ವಿಶ್ವಾಸದಿಂದ ಬೀಗದಿರಲಿ ಎಂದು ಇದನ್ನು ಬಳಸುತ್ತಾರೆ, ಗುರುವಿನ ಅಂಕಕ್ಕೆ ಒಳ್ಳೆಯದೂ ಹೌದು. ಆದರೆ ನಮಗೆ ಬೇಕಾದದ್ದು ಆ ಎಂಟು ಹೇಗೆ ಹಂಚಿಹೋಗುತ್ತದೆ ಎನ್ನುವುದೇ. ಅದನ್ನೇ ಉಜ್ಜಿ ಸಪಾಟು ಮಾಡಿದ್ದೆ. ಮುಲ್ಲರ್, ಕಾರ್ನ್‌ಬ್ಲಿತ್, ಹಿಂಟನ್ 2019ರಲ್ಲಿ ಇದನ್ನೇ ತೋರಿಸಿದ್ದಾರೆ: ಹೀಗೆ ಕಲಿತ ಗುರು ತಾನು ಹೆಚ್ಚು ಅಂಕ ತೆಗೆದರೂ ಶಿಷ್ಯನಿಗೆ ಕಲಿಸುವಾಗ ಹಿಂದೆ ಬೀಳುತ್ತಾನೆ.

ಆ ಸಾಲು ತೆಗೆದು ಗುರುವನ್ನು ಮತ್ತೆ ಕಲಿಸಿದೆ. ಗುರುವಿನ ತಪ್ಪು 41ರಿಂದ 43ಕ್ಕೆ ಏರಿತು. ಶಿಷ್ಯನದು 79ರಿಂದ 70ಕ್ಕೆ ಇಳಿಯಿತು. ಒಳ್ಳೆಯ ಅಂಕದ ಮೇಷ್ಟರು ಬೇರೆ, ಒಳ್ಳೆಯ ಪಾಠದ ಮೇಷ್ಟರು ಬೇರೆ ಅನ್ನುವುದು ನಮಗೆ ಶಾಲೆಯಲ್ಲೇ ಗೊತ್ತಾಗಿತ್ತಲ್ಲ.

ಬಣ್ಣ ಕೆಡಿಸಿದವನು ನಾನೇ

ಮೂರನೆಯ ತಪ್ಪು ಸೋಮಾರಿತನದ್ದು. ಪುಕ್ಕಟೆ ಸಿಗುವ ಜಿಪಿಯು (ಕಲಿಕೆಯ ಲೆಕ್ಕ ವೇಗವಾಗಿ ಮಾಡುವ ಚಿಪ್ಪು) ಹೊತ್ತು ಉಳಿಸಲೆಂದು ಗುರುವಿನ ಉತ್ತರಗಳನ್ನು ಒಂದೇ ಸಲ ಲೆಕ್ಕಹಾಕಿ ಕಡತದಲ್ಲಿ ಬರೆದಿಟ್ಟಿದ್ದೆ. ಶಿಷ್ಯನಿಗೆ ಮಾತ್ರ ಪ್ರತಿ ಸುತ್ತಿನಲ್ಲಿ ಚಿತ್ರ ತಿರುಗಿಸಿ, ಕತ್ತರಿಸಿ, ಬಣ್ಣ ಅಲುಗಾಡಿಸಿ ಕೊಡುತ್ತಿದ್ದೆ. ಗುರು ನೋಡಿದ್ದು ಒಂದು ಕಾಳು, ಶಿಷ್ಯ ನೋಡುವುದು ಇನ್ನೊಂದು.

ಬೆಕ್ಕು ನಾಯಿ ಗುರುತಿಸುವವರಿಗೆ ಬಣ್ಣ ಅಲುಗಾಡಿಸುವುದು ಒಳ್ಳೆಯ ಅಭ್ಯಾಸ, ಕೆಂಪಾದರೂ ನಾಯಿ ನಾಯಿಯೇ. ಒಣದ್ರಾಕ್ಷಿಯಲ್ಲಿ ಬಣ್ಣವೇ ವರ್ಗ. ಬಂಗಾರದ ಕಾಳನ್ನು ನಾನೇ ಕಂದು ಮಾಡಿ, 'ಇದು ಬಂಗಾರ, ಗುರು ಹೇಳಿದ್ದಾರೆ' ಎಂದು ಶಿಷ್ಯನ ತಲೆಗೆ ತುಂಬುತ್ತಿದ್ದೆ. ಪ್ಲೈವುಡ್ ಪೆಟ್ಟಿಗೆಯಲ್ಲಿ ವೈಟ್ ಬ್ಯಾಲೆನ್ಸ್ ಕಟ್ಟಿಹಾಕಿದ್ದೇನೆ ಎಂದು ಬೀಗಿದವನು ಪ್ರೋಗ್ರಾಮಿನಲ್ಲಿ ಅದನ್ನೇ ಬಿಚ್ಚಿಬಿಟ್ಟಿದ್ದೆ.

ವರ್ಣ ಬದಲಾವಣೆ ಪೂರ್ತಿ ತೆಗೆದೆ, ಬೆಳಕಿನಲ್ಲಿ ತುಸು ಏರಿಳಿತ ಮಾತ್ರ ಇಟ್ಟೆ. ಬರೆದಿಟ್ಟ ಕಡತ ಅಳಿಸಿದೆ. ಈಗ ಪ್ರತಿ ಸುತ್ತಿನಲ್ಲಿ ಒಂದೇ ಕತ್ತರಿಕೆ, ಒಂದೇ ತಿರುವು ಗುರುವಿಗೂ ಹೋಗುತ್ತದೆ, ಶಿಷ್ಯನಿಗೂ ಹೋಗುತ್ತದೆ. ಗುರುವಿಗೆ 224ಕ್ಕೆ ಹಿಗ್ಗಿಸಿ, ಶಿಷ್ಯನಿಗೆ 96ಕ್ಕೆ ಕುಗ್ಗಿಸಿ, ಅಷ್ಟೇ ವ್ಯತ್ಯಾಸ. ಕಲಿಕೆಯ ಸುತ್ತುಗಳನ್ನೂ ನಾಲ್ಕು ಪಟ್ಟು ಮಾಡಿದೆ. ಬೇಯರ್ ಮತ್ತು ಸಂಗಡಿಗರು 2022ರಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಗುರು-ಶಿಷ್ಯ ಇಬ್ಬರೂ ಒಂದೇ ಚಿತ್ರ ನೋಡಲಿ, ಕಲಿಕೆಗೆ ಬಹಳ ಹೊತ್ತು ಕೊಡಿ.

ಶಿಷ್ಯ: 63. ಕುಣಿಯುವ ಮೊದಲು ಒಂದು ಸಂಶಯ ಬಂತು. ಹಾಗಾದರೆ ಆ ಮೊದಲಿನ 87 ಕೂಡ ಕೆಟ್ಟ ಬಣ್ಣದ ಮೇಲೆ ಬಂದದ್ದಲ್ಲವೇ? ಬಟ್ಟಿ ಇಲ್ಲದೆ, ಬಣ್ಣ ಕೆಡಿಸದೆ, ಅಷ್ಟೇ ಹೊತ್ತು ಶಿಷ್ಯನನ್ನು ಮತ್ತೆ ಕಲಿಸಿದೆ. 76 ಬಂತು. ಅಂದರೆ ಬಟ್ಟಿಯ ನಿಜವಾದ ಗಳಿಕೆ 87ರಿಂದ 63 ಅಲ್ಲ, 76ರಿಂದ 63. ಇದನ್ನು ಬಿಟ್ಟು ಬರೆದಿದ್ದರೆ ಕಥೆ ಇನ್ನೂ ಚೆಂದ ಇರುತ್ತಿತ್ತು.

ಐದೇ ವರ್ಗ ಇದ್ದಾಗ ಬಟ್ಟಿಯಿಂದ ಮಹಾ ಗಳಿಕೆ ಬಯಸಬಾರದು ಅನ್ನುವುದು ನನ್ನ ಅಭಿಪ್ರಾಯ. ಸಾವಿರ ವರ್ಗ ಇದ್ದರೆ ಗುರುವಿನ ಒಂದು ಉತ್ತರದಲ್ಲಿ ಸಾವಿರ ಅಂಕೆಯ ಸುಳಿವು ಇರುತ್ತದೆ, ನಮ್ಮಲ್ಲಿ ಐದು. ನಮಗೆ ಬಟ್ಟಿಯ ದೊಡ್ಡ ಲಾಭ ಬೇರೆ ಕಡೆಯಿಂದ ಬಂತು.

ಮೆದು ಪಾಲಿಗೆ ಆಯಿಯ ಗುಂಡಿ ಬೇಕಿಲ್ಲ. ಗುರು ಇದ್ದರೆ ಸಾಕು, ಕಾಳಿಗೆ ಯಾರೂ ಹೆಸರಿಡಬೇಕಿಲ್ಲ. ಇದೂ 2006ರ ಪ್ರಬಂಧದಲ್ಲೇ ಇರುವ ವಿಚಾರ. ಕಾಕಾನ ಮಗಳು, ನನ್ನ ತಂಗಿ, ಎರಡು ಭಾನುವಾರ ಕೂತು ಸಿಕ್ಕ ಸಿಕ್ಕ ಚೀಲದಿಂದ ಕಾಳು ಸುರಿದು 140 ತಟ್ಟೆಯ ಚಿತ್ರ ತೆಗೆದಳು. ಹೆಸರಿಲ್ಲದ 14,000 ಕಾಳು. ಅವುಗಳಿಗೆ ಗುರುವಿನ ಪಾಲು ಮಾತ್ರ, ಹೆಸರಿದ್ದವುಗಳಿಗೆ ಎರಡೂ ಪಾಲು. ಶಿಷ್ಯ 52ಕ್ಕೆ ಬಂದ. ಗುರು 43, ಶಿಷ್ಯ 52, ಗಾತ್ರದಲ್ಲಿ ಐವತ್ತು ಪಟ್ಟಿಗಿಂತ ಹೆಚ್ಚು ಅಂತರ. ತಂಗಿಗೆ ಅಮೀನಗಡದ ಕರದಂಟು ಕೊಡಿಸಿದೆ. ಒಣದ್ರಾಕ್ಷಿ ನೋಡಿ ಸಾಕಾಗಿದೆ, ಅದರಲ್ಲೂ ಅದೇ ಹಾಕಿದ್ದಾರೆ ಎಂದು ಆರಿಸಿ ತೆಗೆದು ತಿಂದಳು.

ಪೈಗೆ ಇಳಿಸಿದ್ದು

ಇದು ಬೇಗ ಮುಗಿಯಿತು. ಮಾಡೆಲ್ಲನ್ನು ಓಎನ್‌ಎನ್‌ಎಕ್ಸ್ ಎಂಬ ಕಡತದ ರೂಪಕ್ಕೆ ಬದಲಿಸಿ, ತೂಕಗಳನ್ನು 8 ಬಿಟ್‌ಗೆ ಇಳಿಸಿದೆ. ಒಂದು ಪದರಕ್ಕೆ ಒಂದೇ ಅಳತೆಗೋಲು ಇಟ್ಟಾಗ ತಪ್ಪು 52ರಿಂದ 131ಕ್ಕೆ ಹಾರಿತು. ಮೊಬೈಲ್‌ನೆಟ್ಟಿನ ಡೆಪ್ತ್‌ವೈಸ್ ಪದರಗಳಲ್ಲಿ, ಅಂದರೆ ಒಂದೊಂದು ಚಾನೆಲ್ಲನ್ನೂ ಬೇರೆ ಬೇರೆಯಾಗಿ ಸೋಸುವ ಪದರಗಳಲ್ಲಿ, ಒಂದು ಚಾನೆಲ್ಲಿನ ತೂಕ ದೊಡ್ಡದು, ಪಕ್ಕದ್ದು ತೀರ ಚಿಕ್ಕದು ಇರಬಹುದು. ಒಂದೇ ಗೋಲಿನಲ್ಲಿ ಅಳೆದರೆ ಚಿಕ್ಕದು ಸೊನ್ನೆಯಾಗುತ್ತದೆ. ಚಾನೆಲ್ಲಿಗೊಂದು ಅಳತೆ ಕೊಟ್ಟೆ, 54ಕ್ಕೆ ಬಂತು. ಅಳತೆ ಗೊತ್ತು ಮಾಡುವ ಮಾದರಿ ಚಿತ್ರಗಳಲ್ಲಿ ಐದೂ ವರ್ಗ ಇರುವಂತೆ ನೋಡಿಕೊಳ್ಳಿ, ನಾನು ಮೊದಲ ಸಲ ಬರೀ ಬಂಗಾರದ ತಟ್ಟೆ ಕೊಟ್ಟಿದ್ದೆ.

ಕಡತ ಅರ್ಧ ಎಂಬಿ ಆಸುಪಾಸು. ಫೋಟೋ ತೆಗೆದು ಕತ್ತರಿಸುವುದೂ ಸೇರಿ ನೂರು ಕಾಳಿಗೆ ಮೂರು ಸೆಕೆಂಡ್, ಅದರಲ್ಲಿ ಮಾಡೆಲ್ಲಿನ ಪಾಲು ಒಂದು ಸೆಕೆಂಡ್ ಮಾತ್ರ. ಮೊಬೈಲಿನ ಪವರ್ ಬ್ಯಾಂಕ್ ಮೇಲೆ ಇಡೀ ದಿನ ಓಡುತ್ತದೆ.

ಸಕ್ಕರೆ ಕಟ್ಟಿದ ಲಾಟ್

ಮೊದಲ ದಿನ ಕಾಕಾ ಹನ್ನೊಂದು ಚೀಲ ನೋಡಿದ. ಒಂದು ಚೀಲಕ್ಕೆ ಮೂರು ತಟ್ಟೆ ಹಾಕಿ, ಮೂರರಲ್ಲೂ ಬಂದ ಅಂಕೆ ಹತ್ತಿರ ಇದೆಯೇ ಎಂದು ತಾನೇ ಪರೀಕ್ಷೆ ಮಾಡಿದ, ನಾನು ಹೇಳಿಕೊಟ್ಟಿರಲಿಲ್ಲ. ಅಡ್ಡಮಳೆಗೆ ಸಿಕ್ಕಿದ್ದ ಲಾಟಿನಲ್ಲಿ ಕಂದು 31, 28, 33 ಬಂತು. "ಮೂವತ್ತು ಅನ್ನು," ಅಂದ. ಆ ಚೀಲಗಳನ್ನು ಬೇರೆ ಸಾಲಿಗೆ ಇಟ್ಟ.

ಹನ್ನೆರಡನೆಯದು ಹೋದ ವರ್ಷದ್ದು, ಕೋಲ್ಡ್ ಸ್ಟೋರೇಜಿನಿಂದ ತಂದದ್ದು. ಡಬ್ಬಿ ಹೇಳಿತು: ಹಸಿರು 44. ಕಾಕಾ ನಕ್ಕುಬಿಟ್ಟ. ಆಯಿ ಬಂದು ಒಂದು ಕಾಳು ಎತ್ತಿ ಉಗುರಿನಿಂದ ಗೀರಿದಳು. ಮೇಲಿನ ಬಿಳಿ ಪುಡಿ ಉದುರಿತು, ಒಳಗೆ ಕಂದು.

"ಸಕ್ರಿ ಕಟ್ಯಾದ ತಮ್ಮಾ. ಹಳೇ ಮಾಲಿಗಿ ಹಿಂಗ ಆಗತದ. ನಿನ್ನ ಡಬ್ಬಿ ಇದನ್ನ ನೋಡೇ ಇಲ್ಲ."

ಮನೆಗೆ ಬಂದು ಅದೇ ತಟ್ಟೆಯನ್ನು ಗುರುವಿನ ಮುಂದಿಟ್ಟೆ. ಗುರುವೂ ಹಸಿರು ಅಂದ, ಅದೂ ನೂರಕ್ಕೆ ತೊಂಬತ್ತರ ಮೇಲಿನ ವಿಶ್ವಾಸದಿಂದ. ಶಿಷ್ಯನಿಗೆ ಇದು ಬೇರೆ ಎಲ್ಲಿಂದ ಬರಬೇಕು? ಹೆಸರಿಲ್ಲದ ಕಾಳು ಇನ್ನೂ ಲಕ್ಷ ಕೊಟ್ಟರೂ ಇದು ತಿದ್ದುವುದಿಲ್ಲ.

ಆರನೆಯ ಗುಂಡಿ ಸೇರಿಸಿದ್ದೇನೆ, 'ಸಕ್ಕರೆ ಕಟ್ಟಿದ್ದು' ಎಂದು. ಆಯಿ ಹಳೆಯ ಮಾಲಿನ ಅರ್ಧ ಚೀಲ ಬಾಗಿಲ ಬಳಿ ತೆಗೆದಿಟ್ಟಿದ್ದಾಳೆ. ನಾಳೆ ಬಿಸಿಲು ಬಂದ ಮೇಲೆ 63ನೆಯ ತಟ್ಟೆ.